ಶಿವಗಂಗೆಯ ನೆರಳಿನಲ್ಲಿ ಹಳೆಯ ಯಂತ್ರಗಳು

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ ನೆಲಮಂಗಲವನ್ನು ದಾಟಿ ಮುಂದೆ ಸಾಗುವ ಪ್ರಯಾಣಿಕನಿಗೆ ಎಡಗಡೆ ದೂರದಲ್ಲಿ ಶಿವಗಂಗೆಯ ಬೆಟ್ಟವು ಕಾಣಿಸಿಕೊಳ್ಳುತ್ತದೆ. ಪೂರ್ವದಿಂದ ನೋಡಿದರೆ ನಂದಿಯಂತೆ, ಪಶ್ಚಿಮದಿಂದ ಗಣಪತಿಯಂತೆ, ದಕ್ಷಿಣದಿಂದ ಲಿಂಗದಂತೆ, ಉತ್ತರದಿಂದ ಹೆಡೆಯೆತ್ತಿದ ಸರ್ಪದಂತೆ ತೋರುವುದೆಂದು ಹಿರಿಯರು ಹೇಳುತ್ತ ಬಂದಿರುವ ಬೆಟ್ಟವಿದು. ಅಲ್ಲಿನ ಗಂಗಾಧರೇಶ್ವರನ ಲಿಂಗಕ್ಕೆ ತುಪ್ಪವನ್ನು ಹಚ್ಚಿ ಉಜ್ಜಿದರೆ ಅದು ಬೆಣ್ಣೆಯಾಗುವುದೆಂಬ ಪ್ರಸಿದ್ಧಿಯನ್ನು ಕೇಳದ ಬೆಂಗಳೂರಿಗರು ವಿರಳ. ಬೆಣ್ಣೆ ಕಾಯಿಸಿ ತುಪ್ಪ ಮಾಡುವುದು ಪ್ರತಿಯೊಬ್ಬ ಗೃಹಿಣಿಗೂ ತಿಳಿದ ಕೆಲಸ. ತುಪ್ಪವನ್ನು ಮರಳಿ ಬೆಣ್ಣೆಯಾಗಿಸುವುದು ದೇವರಿಗೆ ಮಾತ್ರ ಸಾಧ್ಯವೆಂದು ಭಕ್ತರು ಕೈ ಮುಗಿಯುತ್ತಾರೆ.

ಆ ಬೆಟ್ಟದಿಂದ ಕೆಲವೇ ಕಿಲೋಮೀಟರುಗಳ ಅಂತರದಲ್ಲಿ, ಹೆದ್ದಾರಿಗೆ ಅಂಟಿಕೊಂಡಂತೆ ದಾಬಸ್‌ಪೇಟೆ ಇದೆ. ಮೈಸೂರು ಸಂಸ್ಥಾನವು ಕಮಿಷನರುಗಳ ಆಡಳಿತದಲ್ಲಿದ್ದಾಗ ಈ ಭಾಗದಲ್ಲಿ ಅಧಿಕಾರಿಯಾಗಿದ್ದ ಡಾಬ್ಸ್ ಎಂಬ ಆಂಗ್ಲನ ಹೆಸರು ಜನರ ಬಾಯಲ್ಲಿ ತಿರುಗಿ ತಿರುಗಿ ದಾಬಸ್ ಆಗಿ ಊರಿಗೆ ನಿಂತಿತು. ಬಹುಕಾಲ ಇದು ತುಮಕೂರಿಗೆ ಹೋಗುವವರೂ ಶಿವಗಂಗೆಗೆ ತಿರುಗುವವರೂ ಕಾಫಿ ಕುಡಿದು ಮುಂದೆ ಸಾಗುವ ಊರಷ್ಟೇ ಆಗಿತ್ತು. ಇಂದು ಊರಿನ ಸುತ್ತ ದೊಡ್ಡ ಕೈಗಾರಿಕಾ ಪ್ರದೇಶವು ಬೆಳೆದಿದೆ. ಅದರೊಳಗೆ ತುಪ್ಪವನ್ನು ಬೆಣ್ಣೆಯಾಗಿಸುವಂಥ ಇನ್ನೊಂದು ಕೆಲಸವೂ ನಡೆಯುತ್ತದೆ. ಅಲ್ಲಿಗೆ ಬರುವ ಲಾರಿಗಳಲ್ಲಿ ಕೆಟ್ಟ ಕಂಪ್ಯೂಟರು, ಒಡೆದ ಟೆಲಿವಿಷನ್, ಮೂಕವಾದ ಟೆಲಿಫೋನು, ಗಂಟಲು ಕಟ್ಟಿದ ಮಿಕ್ಸಿ. ಅಲ್ಲಿಂದ ಹೊರಡುವ ಲಾರಿಗಳಲ್ಲಿ ತಾಮ್ರ, ಅಲ್ಯುಮಿನಿಯಂ, ಕಬ್ಬಿಣ, ಗಾಜು. ಇ-ಪರಿಸರ ಎಂಬ ಕಾರ್ಖಾನೆಯು 2005ರಲ್ಲಿ ಇಲ್ಲಿ ಆರಂಭವಾಯಿತು. ಎಲೆಕ್ಟ್ರಾನಿಕ್ ಗುಜರಿಯನ್ನು ಶಾಸ್ತ್ರೀಯವಾಗಿ ಬಿಡಿಸಲು ಸರ್ಕಾರದ ಅನುಮತಿ ಪಡೆದ ದೇಶದ ಮೊಟ್ಟಮೊದಲ ಸ್ಥಾವರಗಳ ಸಾಲಿನಲ್ಲಿ ಅದಕ್ಕೆ ಸ್ಥಾನವಿದೆ.

ಆದರೆ ಬೆಂಗಳೂರಿನ ಅಟ್ಟದಿಂದ ಕೆಳಗಿಳಿದ ವಸ್ತುವು ನೇರವಾಗಿ ಈ ಹೆದ್ದಾರಿಯನ್ನು ಹಿಡಿಯುವುದೆಂದು ಯಾರಾದರೂ ಭಾವಿಸಿದರೆ ಅದು ತಪ್ಪು. ನಡುವೆ ಕವಲುಗಳು ಬಹಳ.

ಅಟ್ಟದಿಂದ ಬೀದಿಗೆ

ಮೈಸೂರಿನಲ್ಲಿ 1935ರಲ್ಲಿ ಪ್ರಾಧ್ಯಾಪಕ ಗೋಪಾಲಸ್ವಾಮಿಯವರು ‘ಆಕಾಶವಾಣಿ’ಯನ್ನು ಆರಂಭಿಸಿದ ಕಾಲದಲ್ಲಿ ಮನೆಯಲ್ಲಿ ರೇಡಿಯೋ ಇರುವುದೇ ಒಂದು ಅಂತಸ್ತು. ಬೆಂಗಳೂರು ನಿಲಯವು 1955ರಲ್ಲಿ ಪ್ರಸಾರಕ್ಕೆ ತೊಡಗಿದಾಗಲೂ ಒಂದು ಬೀದಿಗೆ ಎರಡು ಮೂರು ರೇಡಿಯೋ ಇದ್ದರೆ ಹೆಚ್ಚು. ಅಂಚೆ ಕಚೇರಿಗೆ ಹೋಗಿ ಲೈಸೆನ್ಸಿಗೆ ಹಣ ಕಟ್ಟಿ, ಕಸೂತಿ ಹಾಕಿದ ಬಟ್ಟೆ ಹೊದಿಸಿ, ಆಯುಧಪೂಜೆಯ ದಿನ ಕುಂಕುಮವಿಟ್ಟು ಸಾಕಿದ ಆ ಪೆಟ್ಟಿಗೆಯು ಮೂವತ್ತು ವರ್ಷ ಮನೆಯವರೊಡನೆ ಬಾಳುತ್ತಿತ್ತು. ಕೆಟ್ಟರೆ ರಿಪೇರಿಯವನು ವಾಲ್ವು ಬದಲಿಸುತ್ತಿದ್ದ. ಅದನ್ನು ಎಸೆಯುವ ಪ್ರಶ್ನೆಯೇ ಬರುತ್ತಿರಲಿಲ್ಲ.

ಈಗಿನ ಸಂಸಾರದಲ್ಲಿ ನಾಲ್ಕು ಜನರಿದ್ದರೆ ಐದು ಮೊಬೈಲುಗಳಿರುತ್ತವೆ. ಮೂರು ನಾಲ್ಕು ವರ್ಷಕ್ಕೊಮ್ಮೆ ಹೊಸದು ಬರುತ್ತದೆ. ಹಳೆಯದು ಬೀರುವಿನ ಸೆಳೆಖಾನೆಗೆ ಸೇರುತ್ತದೆ. ಅದರ ಪಕ್ಕದಲ್ಲಿ ಯಾವುದಕ್ಕೆ ಸೇರಿದ್ದೆಂದು ಯಾರಿಗೂ ನೆನಪಿಲ್ಲದ ಚಾರ್ಜರುಗಳು ಹಾವಿನಂತೆ ಸುತ್ತಿಕೊಂಡಿರುತ್ತವೆ. ಲೋಕದ ಲೆಕ್ಕ ನೋಡಿದರೆ ಬೆರಗಾಗುತ್ತದೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಹೊರತಂದ ವರದಿಯ ಪ್ರಕಾರ 2022ನೆಯ ಒಂದೇ ವರ್ಷದಲ್ಲಿ ಪ್ರಪಂಚದಲ್ಲಿ ಉಂಟಾದ ಇಂಥ ತ್ಯಾಜ್ಯ 6 ಕೋಟಿ 20 ಲಕ್ಷ ಟನ್. ಅದರಲ್ಲಿ ಕ್ರಮವಾಗಿ ಸಂಗ್ರಹಗೊಂಡು ಮರುಬಳಕೆಯಾದದ್ದಕ್ಕೆ ದಾಖಲೆಯಿರುವುದು ನೂರಕ್ಕೆ 22ರಷ್ಟಕ್ಕೆ ಮಾತ್ರ. ಭಾರತದಲ್ಲಿ 2019–20ರಲ್ಲಿ ಸುಮಾರು 10 ಲಕ್ಷ ಟನ್ ಇದ್ದುದು 2021–22ರಲ್ಲಿ 16 ಲಕ್ಷ ಟನ್ನಿಗೇರಿತೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಂದಾಜು.

ಬೆಳಗಿನ ಅಡಿಗೆ ಮುಗಿಯುವ ಹೊತ್ತಿಗೆ ಬಡಾವಣೆಯ ಬೀದಿಯಲ್ಲಿ “ಹಳೇ ಪೇಪರ್, ಹಳೇ ಕಬ್ಬಣಾ...” ಎಂಬ ಕೂಗು ಕೇಳಿಸುತ್ತದೆ. ಬಾಗಿಲಲ್ಲಿ ನಡೆಯುವ ಸಂಭಾಷಣೆಯು ಎಲ್ಲ ಬಡಾವಣೆಗಳಲ್ಲಿಯೂ ಹೆಚ್ಚುಕಡಮೆ ಒಂದೇ.

“ಈ ಟಿ.ವಿ.ಗೆ ಎಷ್ಟು ಕೊಡ್ತೀಯಪ್ಪಾ?”

“ಡಬ್ಬಾ ಟಿ.ವಿ. ಈಗ ಯಾರೂ ತಗೊಳ್ಳಲ್ಲಮ್ಮಾ. ನೂರು ಕೊಡ್ತೀನಿ.”

“ಏನು, ನೂರಾ? ಹದಿನೈದು ಸಾವಿರ ಕೊಟ್ಟು ತಂದಿದ್ದು!”

“ಅದು ಆ ಕಾಲಮ್ಮಾ. ಒಳಗಿರೋ ತಾಮ್ರಕ್ಕಷ್ಟೇ ಬೆಲೆ. ಆ ಗಾಜನ್ನ ನಾನೇ ಹೊತ್ಕೊಂಡು ಹೋಗಿ ಬಿಸಾಕ್ಬೇಕು.”

ಅವನು ಹೇಳಿದ್ದು ಅಕ್ಷರಶಃ ನಿಜ. ಹಳೆಯ ಟೆಲಿವಿಷನ್ನಿನ ಚಿತ್ರನಳಿಕೆಯ ಕುತ್ತಿಗೆಗೆ ಸುತ್ತಿದ ತಾಮ್ರದ ಸುರುಳಿಗೆ ಬೆಲೆಯುಂಟು. ನಳಿಕೆಯ ಗಾಜಿನಲ್ಲಿ ಕಿಲೋ ಲೆಕ್ಕದಲ್ಲಿ ಸೀಸವು ಬೆರೆತಿರುತ್ತದೆ. ನೋಡುವವರ ಮೇಲೆ ಕ್ಷಕಿರಣ ಬೀಳದಿರಲೆಂದು ತಯಾರಕರು ಬೆರೆಸಿದ ಸೀಸವದು. ಮನೆಯವರನ್ನು ಇಪ್ಪತ್ತು ವರ್ಷ ಕಾಪಾಡಿದ ಅದೇ ಸೀಸವು ಗಾಜು ಪುಡಿಯಾಗಿ ಕೆರೆಯ ದಂಡೆಯಲ್ಲಿ ಬಿದ್ದಾಗ ಮಣ್ಣಿಗೂ ನೀರಿಗೂ ಇಳಿಯುತ್ತದೆ. ಬಾಗಿಲಲ್ಲಿ ನೂರಕ್ಕೋ ನೂರೈವತ್ತಕ್ಕೋ ಎಂದು ಚರ್ಚೆ ನಡೆಯುವಾಗ ಈ ಸೀಸದ ಮಾತನ್ನು ಇಬ್ಬರೂ ಎತ್ತುವುದಿಲ್ಲ. ಅದರ ಬೆಲೆಯು ತಕ್ಕಡಿಯಲ್ಲಿ ತೂಗುವಂಥದಲ್ಲವಷ್ಟೆ.

ಎಸ್.ಪಿ. ರಸ್ತೆಯ ವಿದ್ಯೆ

ತಳ್ಳುಗಾಡಿಯವನಿಂದ ಬಡಾವಣೆಯ ಗುಜರಿ ಅಂಗಡಿಗೆ, ಅಲ್ಲಿಂದ ಸಿಟಿ ಮಾರ್ಕೆಟ್ಟಿನ ಸುತ್ತಣ ಪೇಟೆಗಳಿಗೆ ವಸ್ತುಗಳು ಸಾಗುತ್ತವೆ. ಜಾಲಿ ಮೊಹಲ್ಲಾದಲ್ಲಿ ಕಾಗದ ಮತ್ತು ಪ್ಲಾಸ್ಟಿಕ್ಕು, ಎಸ್.ಪಿ. ರಸ್ತೆಯಲ್ಲಿ ಯಂತ್ರ ಮತ್ತು ವಿದ್ಯುತ್ ಸಾಮಾನು. ಈ ಎಸ್.ಪಿ. ರಸ್ತೆಯನ್ನು ನೋಡದವರು ಬೆಂಗಳೂರನ್ನು ಪೂರ್ತಿ ನೋಡಿದಂತಾಗುವುದಿಲ್ಲ. ಒಂದು ಅಂಗಡಿಯಲ್ಲಿ ಬೋಲ್ಟು ನಟ್ಟು, ಪಕ್ಕದಲ್ಲಿ ಮೋಟಾರು, ಅದರಾಚೆ ಕಂಪ್ಯೂಟರಿನ ಬಿಡಿಭಾಗ. ಮೇಲಿನ ಮಹಡಿಯ ಆರಡಿ ಅಗಲದ ಕೋಣೆಯಲ್ಲಿ ಬೆಸುಗೆಯ ಕಡ್ಡಿ ಹಿಡಿದು ಕುಳಿತ ತರುಣನೊಬ್ಬನು ಭೂತಗನ್ನಡಿಯೊಳಗಿಂದ ಫೋನಿನ ಹೊಟ್ಟೆಯನ್ನು ನೋಡುತ್ತಿರುತ್ತಾನೆ. ಅವನು ಯಾವ ಕಾಲೇಜಿನಲ್ಲಿಯೂ ಇದನ್ನು ಕಲಿತಿರುವುದಿಲ್ಲ. ಕಂಪೆನಿಯ ಅಧಿಕೃತ ಮಳಿಗೆಯು “ಇದಾಗುವುದಿಲ್ಲ, ಹೊಸದು ಕೊಳ್ಳಿ” ಎಂದ ಯಂತ್ರವನ್ನು ಅವನು ಅರ್ಧ ಗಂಟೆಯಲ್ಲಿ ಎಬ್ಬಿಸಿ ಕೂರಿಸುವುದುಂಟು.

ಇಲ್ಲಿ ನಡೆಯುವ ಕೆಲಸಕ್ಕೆ ಗೌರವ ಸಲ್ಲಬೇಕು. ಕೆಟ್ಟ ಕಂಪ್ಯೂಟರುಗಳಲ್ಲಿ ಎರಡನ್ನು ಬಿಚ್ಚಿ ಒಂದನ್ನು ನಡೆಯುವಂತೆ ಮಾಡಿ ಹಳ್ಳಿಯ ವಿದ್ಯಾರ್ಥಿಗೆ ಕಡಮೆ ಬೆಲೆಗೆ ಕೊಟ್ಟರೆ, ಅದಕ್ಕಿಂತ ಉತ್ತಮವಾದ ಮರುಬಳಕೆಯನ್ನು ಯಾವ ಕಾರ್ಖಾನೆಯೂ ಮಾಡಲಾರದು. ಹೊಸ ಯಂತ್ರವೊಂದನ್ನು ತಯಾರಿಸಲು ಬೇಕಾಗುವ ಅದಿರು, ನೀರು, ವಿದ್ಯುತ್ತು ಎಲ್ಲವೂ ಅಷ್ಟರಮಟ್ಟಿಗೆ ಉಳಿದಂತೆಯೇ. ಕಲಾಯಿಯವನು ತವರವನ್ನು ಉಜ್ಜಿ ಹಿತ್ತಾಳೆ ಪಾತ್ರೆಗೆ ಹೊಸ ಆಯುಷ್ಯ ಕೊಡುತ್ತಿದ್ದ ಕಾಲವನ್ನು ಕಂಡ ಅಜ್ಜಿಯರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಬೆಸುಗೆಯಲ್ಲಿರುವುದೂ ಮುಖ್ಯವಾಗಿ ಅದೇ ತವರ.

ತೊಡಕು ಬರುವುದು ಇದರ ಮುಂದಿನ ಹೆಜ್ಜೆಯಲ್ಲಿ. ರಿಪೇರಿಗೂ ಸಿಗದೆ, ಬಿಡಿಭಾಗವಾಗಿಯೂ ಮಾರಾಟವಾಗದೆ ಉಳಿದದ್ದರಲ್ಲಿ.

ಗಲ್ಲಿಯ ಚಿನ್ನ

ಹಸಿರು ಬಣ್ಣದ ಸರ್ಕ್ಯೂಟು ಹಲಗೆಯ ಮೇಲೆ ಅಲ್ಲಲ್ಲಿ ಹೊಳೆಯುವ ಹಳದಿ ಗೆರೆಗಳು ಬಣ್ಣವಲ್ಲ, ನಿಜವಾದ ಚಿನ್ನ. ತುಕ್ಕು ಹಿಡಿಯದೆ ವಿದ್ಯುತ್ತನ್ನು ಸರಾಗವಾಗಿ ಹಾಯಿಸುವ ಲೋಹವಾದುದರಿಂದ ಅದನ್ನು ಕೂದಲೆಳೆಗಿಂತಲೂ ತೆಳ್ಳಗೆ ಲೇಪಿಸಿರುತ್ತಾರೆ. ಒಂದು ಟನ್ ಅದಿರಿನಲ್ಲಿ ನಾಲ್ಕೈದು ಗ್ರಾಂ ಚಿನ್ನ ಸಿಕ್ಕರೆ ಅದು ಒಳ್ಳೆಯ ಗಣಿ. ಒಂದು ಟನ್ ಹಳೆಯ ಮೊಬೈಲುಗಳಲ್ಲಿ ಅದರ ಹತ್ತಾರು ಪಟ್ಟು ಚಿನ್ನವಿರುತ್ತದೆ. ಕೋಲಾರದ ಚಿನ್ನದ ಗಣಿಗಾಗಿಯೇ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತಿನ ತಂತಿಯನ್ನು ಎಳೆದರು. ಬೆಂಗಳೂರಿನ ಬೀದಿ ದೀಪಗಳಿಗೆ ಅದು ಬಂದದ್ದು ಮೂರು ವರ್ಷ ತಡವಾಗಿ, 1905ರಲ್ಲಿ. ನೆಲದೊಳಕ್ಕೆ ಮೂರು ಕಿಲೋಮೀಟರಿಗೂ ಆಳವಾಗಿ ಇಳಿದಿದ್ದ ಆ ಗಣಿಯು 2001ರಲ್ಲಿ ಮುಚ್ಚಿತು. ವಿದ್ಯುತ್ತನ್ನು ಹಾದುಬರಲು ಕಾರಣವಾದ ಚಿನ್ನವು ಇಂದು ವಿದ್ಯುತ್ತಿನ ಉಪಕರಣಗಳೊಳಗೇ ಸೇರಿ ಬೀರುಗಳಲ್ಲಿ ಮಲಗಿರುವುದು ವಿಚಿತ್ರವೇ ಸರಿ.

ಈ ಚಿನ್ನಕ್ಕಾಗಿಯೇ ಗಲ್ಲಿಗಳಲ್ಲಿ ಬಚ್ಚಲು ಮನೆಯಷ್ಟಗಲದ ಕಾರ್ಖಾನೆಗಳು ಹುಟ್ಟಿಕೊಂಡವು. ಮೈಸೂರು ರಸ್ತೆಯ ಬದಿಯ ಗೌರಿಪಾಳ್ಯ, ನಾಯಂಡಹಳ್ಳಿಯ ಆಸುಪಾಸು ಈ ವಿಷಯದಲ್ಲಿ ಬಹಳ ವರ್ಷಗಳಿಂದ ಸಂಶೋಧಕರ ಗಮನಕ್ಕೆ ಬಂದ ಸ್ಥಳಗಳು. ಇಂಥ ಕೆಲಸವು ನಡೆಯುವ ಬಗೆ ಎಲ್ಲೆಡೆಯೂ ಒಂದೇ. ಹಲಗೆಯನ್ನು ಒಲೆಯ ಮೇಲೆ ಕಾಯಿಸಿದರೆ ಬೆಸುಗೆ ಕರಗಿ ಭಾಗಗಳು ಉದುರುತ್ತವೆ. ಕರಗಿದ ಬೆಸುಗೆಯ ಹೊಗೆಯಲ್ಲಿ ಸೀಸವಿರುತ್ತದೆ. ಚಿನ್ನವಿರುವ ತುಂಡುಗಳನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಹಾಕಿ ನೈಟ್ರಿಕ್ ಮತ್ತು ಹೈಡ್ರೊಕ್ಲೋರಿಕ್ ಆಮ್ಲಗಳ ಮಿಶ್ರಣವನ್ನು ಸುರಿಯುತ್ತಾರೆ. ಚಿನ್ನವನ್ನೂ ಕರಗಿಸುವ ಆ ದ್ರವದಿಂದ ಕಂದು ಬಣ್ಣದ ಆವಿಯೇಳುತ್ತದೆ. ಮುಖಕ್ಕೆ ಕಟ್ಟಿದ ಕರವಸ್ತ್ರವು ಆ ಆವಿಯನ್ನು ತಡೆಯಲಾರದು. ಚಿನ್ನವನ್ನು ಇಳಿಸಿಕೊಂಡ ಮೇಲೆ ಉಳಿದ ಆಮ್ಲವು ಚರಂಡಿಗೆ. ಮೈಸೂರು ರಸ್ತೆಯ ಚರಂಡಿಗಳು ವೃಷಭಾವತಿಯನ್ನು ಸೇರುತ್ತವೆ. ಆ ನದಿಯ ನೀರಿನಲ್ಲಿ ಕೆಳಗೆ ಬಿಡದಿಯ ಕಡೆಯ ರೈತರು ಸೊಪ್ಪು ತರಕಾರಿ ಬೆಳೆಯುತ್ತಾರೆ. ಆ ಸೊಪ್ಪು ನಗರಕ್ಕೇ ಬರುತ್ತದೆ.

ತಂತಿಯ ಕಥೆ ಇನ್ನೂ ಸುಲಭ: ಗುಡ್ಡೆ ಹಾಕಿ ಬೆಂಕಿ ಹಚ್ಚಿದರೆ ಮೇಲಿನ ಪ್ಲಾಸ್ಟಿಕ್ಕು ಉರಿದು ತಾಮ್ರ ಉಳಿಯುತ್ತದೆ. ಉರಿದ ಪ್ಲಾಸ್ಟಿಕ್ಕಿನಿಂದ ಹುಟ್ಟುವ ಡಯಾಕ್ಸಿನ್ ಎಂಬ ವಿಷವು ದೇಹದ ಕೊಬ್ಬಿನಲ್ಲಿ ಸೇರಿ ವರ್ಷಗಟ್ಟಲೆ ಕೂತಿರುತ್ತದೆ.

ಈ ಕೆಲಸ ಮಾಡುವವರು ಮೂರ್ಖರಲ್ಲ, ಕೇಡಿಗರೂ ಅಲ್ಲ. ದಿನದ ಕೂಲಿಗಾಗಿ ಬಂದವರು. ಬಿಡಿಸುವ ಕೈಚಳಕದಲ್ಲಿ ಅವರನ್ನು ಮೀರಿಸುವವರು ಇಲ್ಲ. ಮನೆಯೇ ಕಾರ್ಖಾನೆಯಾದಾಗ ಹೆಂಗಸರು ಬೇರ್ಪಡಿಸಲು ಕೂರುತ್ತಾರೆ, ಮಕ್ಕಳು ಪಕ್ಕದಲ್ಲಿಯೇ ಆಡುತ್ತಾರೆ. ಸೀಸದ ವಿಷಯದಲ್ಲಿ ಭಯವಿರುವುದು ಮಕ್ಕಳದೇ. ದೊಡ್ಡವರಿಗಿಂತ ಬಹು ಹೆಚ್ಚಿನ ಪ್ರಮಾಣದಲ್ಲಿ ಮಗುವಿನ ದೇಹವು ಅದನ್ನು ಹೀರಿಕೊಳ್ಳುತ್ತದೆ. ಬೆಳೆಯುತ್ತಿರುವ ಮೆದುಳಿಗೆ ಅದು ಮಾಡಿದ ಹಾನಿಯು ಮತ್ತೆ ಸರಿಹೋಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಮಕ್ಕಳು ಮತ್ತು ಇಂಥ ಗುಜರಿ ತಾಣಗಳನ್ನು ಕುರಿತೇ ಒಂದು ಪ್ರತ್ಯೇಕ ವರದಿಯನ್ನು ಹೊರತರಬೇಕಾಯಿತು.

ಕಾನೂನು ಬಿಗಿಯಾದಂತೆ ಬೆಂಗಳೂರಿನ ಹಲಗೆಗಳು ಉತ್ತರಕ್ಕೆ, ದೆಹಲಿಯ ಸೀಲಂಪುರಕ್ಕೂ ಪಿತ್ತಳೆ ಪಾತ್ರೆಗಳಿಗೆ ಹೆಸರಾದ ಮೊರಾದಾಬಾದಿಗೂ ಹೋಗುವುದು ಹೆಚ್ಚಾಯಿತು. ಅಲ್ಲಿ ರಾಮಗಂಗೆಯ ದಂಡೆಯ ಮೇಲೆ ಹಲಗೆಗಳನ್ನು ಸುಟ್ಟು ಬೂದಿಯನ್ನು ತೊಳೆದು ಲೋಹವನ್ನು ಆಯುವುದು ವರ್ಷಗಳ ಕಾಲ ನಡೆಯಿತು. ಒಂದೂರಿನ ಅಟ್ಟ ಚೊಕ್ಕಟವಾದಾಗ ಇನ್ನೊಂದೂರಿನ ನದಿ ಕಪ್ಪಾಯಿತು.

ಮರಳಿ ದಾಬಸ್‌ಪೇಟೆ

ಅನುಮತಿ ಪಡೆದ ಕಾರ್ಖಾನೆಯಲ್ಲಿ ಇದೇ ಕೆಲಸವು ನಡೆಯುವ ರೀತಿ ಬೇರೆ. ಲಾರಿಯಿಂದಿಳಿದ ಪ್ರತಿಯೊಂದು ಸಾಮಾನನ್ನೂ ಮೊದಲು ತೂಗಿ ಲೆಕ್ಕದ ಪುಸ್ತಕಕ್ಕೆ ಏರಿಸುತ್ತಾರೆ. ಅನಂತರ ಮೇಜುಗಳ ಮುಂದೆ ಕುಳಿತವರು ತಿರುಪುಳಿ ಹಿಡಿದು ಬಿಡಿಸುತ್ತಾರೆ. ಇಲ್ಲಿಯೂ ಮೊದಲ ಹಂತ ಕೈಗೆಲಸವೇ, ಆದರೆ ತಲೆಯ ಮೇಲೆ ಧೂಳು ಹೀರುವ ಕೊಳವೆಯಿರುತ್ತದೆ. ತಂತಿಯನ್ನು ಸುಡುವುದಿಲ್ಲ, ಯಂತ್ರದಿಂದ ಸಿಪ್ಪೆ ಸುಲಿದಂತೆ ಸುಲಿದು ತಾಮ್ರವನ್ನು ಒಂದು ಕಡೆ, ಪ್ಲಾಸ್ಟಿಕ್ಕನ್ನು ಇನ್ನೊಂದು ಕಡೆ ಹಾಕುತ್ತಾರೆ. ಟೆಲಿವಿಷನ್ನಿನ ನಳಿಕೆಯನ್ನು ಮುಚ್ಚಿದ ಪೆಟ್ಟಿಗೆಯೊಳಗೆ ಕತ್ತರಿಸಿ, ಸೀಸವಿರುವ ಹಿಂಭಾಗದ ಗಾಜನ್ನೂ ಮುಂಭಾಗದ ಗಾಜನ್ನೂ ಬೇರ್ಪಡಿಸಿ, ಒಳಗೆ ಲೇಪಿಸಿದ ಪುಡಿಯನ್ನು ಗಾಳಿಯಿಂದ ಹೀರಿ ತೆಗೆಯುತ್ತಾರೆ. ಯಾವುದಕ್ಕೂ ಬಾರದ ವಿಷಕಾರಿ ಶೇಷವು ಉಳಿದೇ ಉಳಿಯುತ್ತದೆ. ಅದನ್ನು ಜೇಡಿ ಮಣ್ಣು ಮತ್ತು ದಪ್ಪ ಪ್ಲಾಸ್ಟಿಕ್ ಹಾಳೆಗಳ ಪದರಗಳನ್ನು ಹಾಸಿದ ಹೊಂಡದಲ್ಲಿ ಹೂಳಬೇಕು. ಕೈಗಾರಿಕೆಗಳ ಅಪಾಯಕರ ತ್ಯಾಜ್ಯಕ್ಕಾಗಿ ಅಂಥದೊಂದು ಸ್ಥಳವೂ ದಾಬಸ್‌ಪೇಟೆಯಲ್ಲಿಯೇ ಇದೆ. ನಗರದ ಸೌಖ್ಯಕ್ಕಾಗಿ ಈ ಊರು ತನ್ನ ನೆಲವನ್ನು ಕೊಟ್ಟಿದೆಯೆಂಬುದನ್ನು ಮರೆಯಲಾಗದು. ಸುತ್ತಲಿನ ಹಳ್ಳಿಗರು ತಮ್ಮ ಬಾವಿಯ ನೀರಿನ ಬಗ್ಗೆ ಪ್ರಶ್ನೆ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ.

ಸರ್ಕ್ಯೂಟು ಹಲಗೆಯೊಳಗಿನ ಅಮೂಲ್ಯ ಲೋಹಗಳನ್ನು ಪೂರ್ತಿಯಾಗಿ ತೆಗೆಯಬಲ್ಲ ದೊಡ್ಡ ಕುಲುಮೆಗಳು ಲೋಕದಲ್ಲಿ ಕೆಲವೇ ಇವೆ. ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರದ ಬಳಿ ಹೋಬೋಕೆನ್ ಎಂಬಲ್ಲಿ ಯೂಮಿಕೋರ್ ಕಂಪೆನಿಯ ಕುಲುಮೆಯು ಹದಿನೇಳು ಬಗೆಯ ಲೋಹಗಳನ್ನು ಮರಳಿ ಪಡೆಯುತ್ತದೆ. ಭಾರತದಲ್ಲಿ ಬಿಡಿಸಿದ ಹಲಗೆಗಳು ಹಡಗು ಹತ್ತಿ ಅಲ್ಲಿಯವರೆಗೆ ಹೋದದ್ದುಂಟು. ಜಪಾನಿನವರು ಇನ್ನೊಂದು ಮೇಲ್ಪಂಕ್ತಿ ಹಾಕಿದರು. ಟೋಕಿಯೋ ಒಲಿಂಪಿಕ್ಸಿನ ಪದಕಗಳಿಗಾಗಿ 2017ರಿಂದ 2019ರವರೆಗೆ ಮನೆಮನೆಯ ಹಳೆಯ ಉಪಕರಣಗಳನ್ನು ಕೂಡಿಸಿ, 62 ಲಕ್ಷ ಫೋನುಗಳೂ ಸೇರಿದಂತೆ ಸುಮಾರು 79 ಸಾವಿರ ಟನ್ ಗುಜರಿಯಿಂದ 32 ಕಿಲೋ ಚಿನ್ನ ತೆಗೆದರು. 2021ರಲ್ಲಿ ನೀರಜ್ ಚೋಪ್ರಾ ಕೊರಳಿಗೆ ಧರಿಸಿದ ಚಿನ್ನದ ಪದಕವು ಯಾವುದೋ ಜಪಾನೀ ಅಜ್ಜಿಯ ಕೆಟ್ಟ ಫೋನಿನಿಂದ ಬಂದದ್ದಿರಬಹುದು.

ಇಷ್ಟೆಲ್ಲ ವ್ಯವಸ್ಥೆಯಿದ್ದೂ ಈ ಮಾದರಿಯ ಕಾರ್ಖಾನೆಗಳಿಗೆ ಬಂದು ಸೇರುವುದು ಹೆಚ್ಚಾಗಿ ಕಚೇರಿಗಳ, ಕಂಪೆನಿಗಳ ಸಾಮಾನು. ಗೃಹಸ್ಥರ ವಸ್ತುಗಳು ಬರುವುದು ಕಡಮೆ. ಕಾರಣ ಸರಳವಾದುದು. ಆಮ್ಲದ ಬಕೆಟ್ಟಿನವನಿಗೆ ಧೂಳು ಹೀರುವ ಕೊಳವೆಯ ಖರ್ಚಿಲ್ಲ, ಹೂಳುವ ಹೊಂಡದ ಬಾಡಿಗೆಯಿಲ್ಲ, ವೈದ್ಯರ ಶುಲ್ಕವನ್ನು ಅವನೇ ಮುಂದೆಂದೋ ಕಟ್ಟಿಕೊಳ್ಳುತ್ತಾನೆ. ಆದುದರಿಂದ ಗಾಡಿಯವನು ಬಾಗಿಲಲ್ಲಿ ಐವತ್ತು ರೂಪಾಯಿ ಹೆಚ್ಚು ಕೊಡಬಲ್ಲ. ಮನೆಯಾಕೆಯ ಕೈಗೆ ಬರುವ ಆ ಐವತ್ತು ರೂಪಾಯಿಯು ಇನ್ನೊಬ್ಬನ ಶ್ವಾಸಕೋಶದಿಂದ ತೆಗೆದದ್ದು.

ಕಾನೂನಿಲ್ಲವೆಂದಲ್ಲ. 2011ರಲ್ಲಿ ಮೊದಲ ನಿಯಮಗಳಾದವು. 2016ರಲ್ಲಿ ಹೊಸವು ಬಂದವು. 2022ರವು 2023ರ ಏಪ್ರಿಲಿನಿಂದ ಜಾರಿಯಲ್ಲಿದ್ದು, 21 ಬಗೆಯ ವಸ್ತುಗಳಿದ್ದ ಪಟ್ಟಿಯನ್ನು 106ಕ್ಕೆ ಬೆಳೆಸಿದವು. ವಸ್ತುವನ್ನು ತಯಾರಿಸಿದವನೇ ಅದರ ಅಂತ್ಯಕ್ಕೂ ಹೊಣೆಯೆಂಬುದು ಇವುಗಳ ತಿರುಳು. ತಯಾರಕನು ಮರುಬಳಕೆಗಾರನಿಂದ ಪ್ರಮಾಣಪತ್ರ ಕೊಳ್ಳಬೇಕು. ಅದಕ್ಕೆ ಸರ್ಕಾರವು ಕಿಲೋಗೆ 22 ರೂಪಾಯಿಯ ಕನಿಷ್ಠ ದರವನ್ನು ಗೊತ್ತುಮಾಡಿದಾಗ ಕೆಲವು ದೊಡ್ಡ ಕಂಪೆನಿಗಳು ಅದು ದುಬಾರಿಯೆಂದು ದೆಹಲಿಯ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದವು. ಜಾಹೀರಾತಿಗೆ ಕೋಟಿಗಟ್ಟಲೆ ಚೆಲ್ಲುವವರಿಗೆ ಇಪ್ಪತ್ತೆರಡು ರೂಪಾಯಿ ಭಾರವೆನಿಸಿದ್ದು ಸ್ವಾರಸ್ಯವಾಗಿದೆ. ಅತ್ತ ಗಲ್ಲಿಯವರನ್ನು ಪೊಲೀಸರಿಂದ ಓಡಿಸಿದರೆ ಅವರು ಇನ್ನೊಂದು ಗಲ್ಲಿಗೆ ಹೋಗುತ್ತಾರಷ್ಟೆ. ಬೆಂಗಳೂರಿನಲ್ಲಿ ಕೆಲವರು ಅದಕ್ಕಿಂತ ಜಾಣತನದ ದಾರಿ ಹಿಡಿದರು: ಬಿಡಿಸುವ ಕೆಲಸವನ್ನು ಗಲ್ಲಿಯವರಿಗೇ ಬಿಟ್ಟು, ಅವರಿಗೆ ತರಬೇತಿ ಕೊಟ್ಟು, ಬೆಂಕಿ ಮತ್ತು ಆಮ್ಲದ ಕೊನೆಯ ಹಂತವನ್ನು ಮಾತ್ರ ದೊಡ್ಡ ಕಾರ್ಖಾನೆಗೆ ಒಪ್ಪಿಸುವುದು. ಚಿಂದಿ ಆಯುವವರ ಸಂಘಟನೆಯಾದ ಹಸಿರು ದಳದ ಸದಸ್ಯರು ವಾರ್ಡುಗಳ ಒಣಕಸ ಕೇಂದ್ರಗಳನ್ನು ನಡೆಸುವುದನ್ನು ಕಂಡವರಿಗೆ ಇದು ಆಗದ ಮಾತೆಂದು ತೋರುವುದಿಲ್ಲ.

ಹೋಗುವವರಿಗೆ

ಶಿವಗಂಗೆಯ ಯಾತ್ರೆಗೆ ಹೊರಟವರು ಕಾರಿನ ಡಿಕ್ಕಿಯಲ್ಲಿ ಹಳೆಯ ಟಿ.ವಿ.ಯನ್ನೂ ಹೇರಿಕೊಂಡು ದಾಬಸ್‌ಪೇಟೆಯ ಕಾರ್ಖಾನೆಯ ಬಾಗಿಲಿಗೆ ಹೋಗಿ ನಿಲ್ಲುವ ಅಗತ್ಯವಿಲ್ಲ. ಅನುಮತಿಯಿರುವ ಮರುಬಳಕೆಗಾರರ ಪಟ್ಟಿಯು ಚರ್ಚ್ ಸ್ಟ್ರೀಟಿನ ಪರಿಸರ ಭವನದಲ್ಲಿರುವ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ದೊರೆಯುತ್ತದೆ. ಅವರಲ್ಲಿ ಹಲವರು ವಸತಿ ಸಮುಚ್ಚಯಗಳಿಗೆ ತಾವೇ ವಾಹನ ಕಳುಹಿಸುತ್ತಾರೆ. ಹತ್ತು ಮನೆಯವರು ಸೇರಿ ಒಂದು ದಿನ ಗೊತ್ತುಮಾಡಿಕೊಂಡರೆ ಅವರಿಗೂ ಅನುಕೂಲ. ಸಾಮಾನು ಕೊಟ್ಟಾಗ ರಸೀತಿ ಕೇಳಬೇಕು. ಫೋನು ಕೊಡುವ ಮುನ್ನ ಸಿಮ್ ಕಾರ್ಡನ್ನು ತೆಗೆದು, ಒಳಗಿನ ಚಿತ್ರಗಳನ್ನೂ ಬ್ಯಾಂಕಿನ ವಿವರಗಳನ್ನೂ ಅಳಿಸಬೇಕು. ಬಹಳ ಮನೆಗಳಲ್ಲಿ ಹಳೆಯ ಫೋನು ಬೀರುವನ್ನು ಬಿಟ್ಟು ಕದಲದಿರುವುದಕ್ಕೆ ಈ ಅಂಜಿಕೆಯೇ ಕಾರಣ. ಟ್ಯೂಬ್‌ಲೈಟನ್ನು ಒಡೆಯಬಾರದು, ಅದರೊಳಗೆ ಪಾದರಸವಿದೆ. ಉಬ್ಬಿದ ಬ್ಯಾಟರಿಯನ್ನು ಚುಚ್ಚಬಾರದು, ಹಸಿಕಸದ ಬುಟ್ಟಿಗಂತೂ ಹಾಕಲೇಬಾರದು. ಕಸದ ಲಾರಿಯೊಳಗೆ ಅದುಮಿದ ಬ್ಯಾಟರಿಯಿಂದ ಬೆಂಕಿ ಹತ್ತಿದ ಉದಾಹರಣೆಗಳಿವೆ.

ಬೆಟ್ಟಕ್ಕೆ ಹೋಗುವವರು ತುಮಕೂರಿನ ಬಸ್ಸು ಹಿಡಿದು ದಾಬಸ್‌ಪೇಟೆಯಲ್ಲಿ ಇಳಿಯಬಹುದು. ರೈಲಿನಲ್ಲಿ ಬರುವವರಿಗೆ ಬೆಂಗಳೂರು–ತುಮಕೂರು ಮಾರ್ಗದ ನಿಡವಂದ ನಿಲ್ದಾಣವು ಹತ್ತಿರ. ಬಿಸಿಲೇರುವ ಮೊದಲೇ ಬೆಟ್ಟ ಹತ್ತುವುದು ಒಳ್ಳೆಯದು. ಮೇಲಿನಿಂದ ನೋಡಿದರೆ ಹೆದ್ದಾರಿಯೂ ಕಾರ್ಖಾನೆಗಳ ತಗಡಿನ ಸೂರುಗಳೂ ಒಂದೇ ನೋಟಕ್ಕೆ ಸಿಗುತ್ತವೆ. ಅಭಿಷೇಕಕ್ಕೆ ಬೇಕಾದ ತುಪ್ಪವನ್ನು ಮನೆಯಿಂದಲೇ ತರುವವರು ಈಗಲೂ ಇದ್ದಾರೆ.